ಸರ್ಪಸುತ್ತು ಹೋದರೂ ಉಳಿದ ಉರಿ: ಸೂಜಿ ಚಿಕಿತ್ಸೆಯಲ್ಲಿ ನನಗೆ ಸಿಕ್ಕ ಲೆಕ್ಕ

ನನ್ನದು ಚಳ್ಳಕೆರೆ ಸೀಮೆಯ ಏಳು ಎಕರೆ ಒಣಭೂಮಿ. ಮಳೆ ಬಂದರೆ ಶೇಂಗಾ, ಅಕ್ಕಡಿಗೆ ತೊಗರಿ, ತಗ್ಗಿನಲ್ಲಿ ಒಂದಿಷ್ಟು ನವಣೆ. ಓದಿದ್ದು ಏಳನೇ ಕ್ಲಾಸು. ಈ ಪತ್ರಿಕೆಯಲ್ಲಿ ಹಿಂದೆ ಬದುವಿನ ವಿಚಾರ ಬರೆದಿದ್ದೆ. ಈ ಸಲದ್ದು ಹೊಲದ ವಿಷಯ ಅಲ್ಲ, ಮೈಯ ವಿಷಯ. ಆದರೆ ದುಡಿಯೋ ಮೈ ಕೆಟ್ಟರೆ ಹೊಲವೂ ಬೀಳು ಬೀಳುತ್ತದೆ ಅನ್ನೋದನ್ನು ಒಂದು ವರ್ಷ ಅನುಭವಿಸಿದ್ದೇನೆ. ನನ್ನ ತಪ್ಪು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಶುರುವಾದದ್ದು ಹೀಗೆ

2023 ಬರದ ವರ್ಷ. ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಿತು. ಅಕ್ಟೋಬರ್ ಮೊದಲ ವಾರ, ಬಳ್ಳಿ ಕೀಳುವಾಗ ಬಲಗಡೆ ಪಕ್ಕೆಯಲ್ಲಿ ಒಂಥರಾ ಉರಿ. ಗಟ್ಟಿ ನೆಲ, ಎಳೆದು ಎಳೆದು ಉಳುಕಿರಬೇಕು ಅಂದುಕೊಂಡೆ. ಮೂರನೇ ದಿನ ಅಲ್ಲೇ ಕೆಂಪಗೆ ಗುಳ್ಳೆ ಎದ್ದವು. ಬೆನ್ನಿನಿಂದ ಶುರುವಾಗಿ ಕಂಕುಳ ಕೆಳಗೆ ಹಾದು ಎದೆಯವರೆಗೆ, ಅರ್ಧ ಉಡಿದಾರ ಕಟ್ಟಿದ ಹಾಗೆ.

ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಸರ್ಪಸುತ್ತು. ತಲೆ ಬಾಲ ಕೂಡಿದರೆ ಮನುಷ್ಯ ಉಳಿಯಲ್ಲ, ಬೇಗ ಜಾಜು ಹಚ್ಚಿಸು ಅಂದರು. ಪಕ್ಕದೂರಿನಲ್ಲಿ ಹಚ್ಚುವವರಿದ್ದರು. ಗರಿಕೆಯಲ್ಲಿ ಜಾಜು ಹಚ್ಚಿ ಐದು ದಿನ ಬಾ ಅಂದರು, ಹೋದೆ. ನಮ್ಮ ಮನೆಯವಳು ಎರಡನೇ ದಿನವೇ ‘ಅದೂ ಹಚ್ಚಿಸ್ಕಳ್ಳಿ, ಆಸ್ಪತ್ರೆಗೂ ತೋರ್ಸಿ ಬನ್ನಿ’ ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಗೆ ಹೋದದ್ದು ಒಂಬತ್ತನೇ ದಿನ.

ಡಾಕ್ಟರು ಬೈಯಲಿಲ್ಲ. ‘ಯಜಮಾನ್ರೇ, ಗುಳ್ಳೆ ಎದ್ದ ಮೂರು ದಿನದೊಳಗೆ ಬಂದಿದ್ರೆ ವೈರಸ್ಸಿಗೇ ಮಾತ್ರೆ ಇತ್ತು. ಈಗ ಗುಳ್ಳೆ ಒಣಗ್ತಾ ಇವೆ, ನೋವಿಗೆ ಮಾತ್ರ ಕೊಡಬಹುದು’ ಅಂದರು. ಆ ಮೂರು ದಿನದ ಬೆಲೆ ನನಗೆ ಆಮೇಲೆ ಗೊತ್ತಾಯಿತು.

ಹದಿನೈದು ಇಪ್ಪತ್ತು ದಿನಕ್ಕೆ ಹುಣ್ಣು ಮಾಯಿತು. ಉರಿ ಮಾತ್ರ ಹೋಗಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಬಂತು, ಹಾಗೇ ಇದೆ. ಅಂಗಿ ತಾಗಿದರೆ ಕೆಂಡ ತಾಗಿದ ಹಾಗೆ. ಗಾಳಿ ಬೀಸಿದರೂ ಚುರ್ ಅನ್ನುತ್ತಿತ್ತು. ಜೋರಾಗಿ ಒತ್ತಿ ಹಿಡಿದರೆ ಅಷ್ಟಿಲ್ಲ, ಹಗುರಕ್ಕೆ ಬಟ್ಟೆ ಸೋಕಿದರೆ ಪ್ರಾಣ ಹೋಗುತ್ತಿತ್ತು. ಇದನ್ನು ಹೇಳಿದರೆ ಜನ ನಂಬುತ್ತಿರಲಿಲ್ಲ. ‘ಹುಣ್ಣು ಇಲ್ಲ, ಗಾಯ ಇಲ್ಲ, ಏನಪ್ಪಾ ನೋವು ನಿಂದು’ ಅನ್ನೋರು. ಚಳಿಗಾಲದಲ್ಲೂ ಬರಿಮೈಯಲ್ಲಿ ಕೂತೆ. ರಾತ್ರಿ ನಾಲ್ಕೈದು ಸಲ ಎಚ್ಚರ. ನೊಗ ಎತ್ತಲಾರದೆ ಮಾಗಿ ಉಳುಮೆ ತಪ್ಪಿತು. ಮೇವಿಗೂ ಬರ, ಹೂಡುವವನೂ ಇಲ್ಲ ಅಂತ ಎತ್ತಿನ ಜೋಡಿ ಮಾರಿದೆ.

ಇದು ಎಂಥ ರೋಗ?

ಮಗಳು ನರ್ಸಿಂಗ್ ಓದುತ್ತಾಳೆ. ಅವಳೂ ಡಾಕ್ಟರೂ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ.

ಸಣ್ಣವರಿದ್ದಾಗ ಮೈಮೇಲೆ ‘ಅಮ್ಮ’ ಆಗುತ್ತದಲ್ಲ, ಸೀತಾಳೆ ಸಿಡುಬು, ಸರ್ಪಸುತ್ತಿನದೂ ಅದೇ ವೈರಸ್. ಸಿಡುಬು ವಾಸಿಯಾದರೂ ಅದು ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಮಲಗಿರುತ್ತದೆ. ನಮ್ಮ ಹೊಲದ ಜೇಕಿನ ಗಡ್ಡೆ ಹಾಗೆ. ಮೇಲೆ ಕಿತ್ತು ಹಾಕಿದರೂ ಗಡ್ಡೆ ಒಳಗೇ ಇರುತ್ತದೆ, ಹದ ಸಿಕ್ಕಾಗ ಎದ್ದು ಬರುತ್ತದೆ. ಐವತ್ತು ದಾಟಿದ ಮೇಲೆ, ಅಥವಾ ಬೇರೆ ಕಾಯಿಲೆಯಿಂದ ಮೈಯ ತಡೆಯುವ ಶಕ್ತಿ ಇಳಿದಾಗ, ವೈರಸ್ ಒಂದು ನರ ಹಿಡಿದು ಚರ್ಮದವರೆಗೆ ಬರುತ್ತದೆ. ಆ ನರ ಎಲ್ಲೆಲ್ಲಿ ಹರಡಿದೆಯೋ ಅಲ್ಲಿ ಮಾತ್ರ ಗುಳ್ಳೆ.

ಪಕ್ಕೆಯ ನರ ಬಲಕ್ಕೊಂದು ಎಡಕ್ಕೊಂದು ಬೇರೆ ಬೇರೆ. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ಎದೆಯ ನಡುಗೆರೆ ದಾಟುವುದಿಲ್ಲ. ತಲೆ ಬಾಲ ಕೂಡುವುದೂ ಇಲ್ಲ, ಕೂಡಿ ಸಾಯುವುದೂ ಇಲ್ಲ. ಆದರೆ ಮೈತುಂಬ ಹರಡಿದರೆ, ಅಥವಾ ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಎದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಣ್ಣೇ ಹೋಗಬಹುದು. ಇನ್ನೊಂದು ಮಾತು: ಗುಳ್ಳೆಯ ನೀರು ತಾಗಿದರೆ ಸಿಡುಬು ಆಗದ ಮಕ್ಕಳಿಗೆ ಸಿಡುಬು ಬರಬಹುದು. ಒಣಗುವ ತನಕ ಕೂಸುಗಳನ್ನೂ ಬಸುರಿಯರನ್ನೂ ಹತ್ತಿರ ಸೇರಿಸಬೇಡಿ.

ಇನ್ನು ಉಳಿಯುವ ನೋವು. ವೈರಸ್ ಹಾದು ಬಂದ ದಾರಿಯಲ್ಲಿ ನರ ಸುಟ್ಟಂತಾಗುತ್ತದೆ. ಮೋಟಾರಿನ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿದರೆ ಏನಾಗುತ್ತದೆ? ಸ್ವಿಚ್ ಒತ್ತದೆಯೂ ಕಿಡಿ ಹಾರುತ್ತದೆ. ನರವೂ ಹಾಗೆ. ಅಂಗಿ ಸೋಕಿದ್ದನ್ನೇ ಬೆಂಕಿ ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೂರು ತಿಂಗಳು ದಾಟಿಯೂ ನೋವು ಉಳಿದರೆ ಅದನ್ನೇ ಬೇರೆ ಕಾಯಿಲೆ ಅಂತ ಲೆಕ್ಕ ಹಾಕುತ್ತಾರೆ. ಸರ್ಪಸುತ್ತು ಆದ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ, ವಯಸ್ಸಾದಷ್ಟೂ ಜಾಸ್ತಿ. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ.

ಮಾತ್ರೆಯಿಂದ ಎಷ್ಟು?

ಜನವರಿ 2024ರಲ್ಲಿ ನರದ ನೋವಿಗೇ ಇರುವ ಗಾಬಾಪೆಂಟಿನ್ ಶುರುವಾಯಿತು. ರಾತ್ರಿಗೆ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್. ಸ್ವಲ್ಪ ನೆಮ್ಮದಿ ಸಿಕ್ಕಿತು. ಆದರೆ ಹಗಲೆಲ್ಲ ಮಂಪರು, ತಲೆ ತಿರುಗು. ಒಂದು ದಿನ ಬದುವಿನಿಂದ ಜಾರಿ ಬಿದ್ದೆ. ಪ್ರಮಾಣ ಹೆಚ್ಚಿಸಿದರೆ ನೋವು ಇಳಿಯುತ್ತದೆ, ಕಾಲು ನಿಲ್ಲುವುದಿಲ್ಲ. ಇಳಿಸಿದರೆ ಕಾಲು ನಿಲ್ಲುತ್ತದೆ, ನೋವು ಏರುತ್ತದೆ.

ಮೆಣಸಿನಕಾಯಿಯ ಖಾರದ ಸತ್ವದಿಂದ ಮಾಡಿದ ಮುಲಾಮೂ ಇದಕ್ಕೆ ಇದೆ. ಖಾರ ತಾಗಿದರೆ ಉರಿ ಅನ್ನಿಸುವುದು ನರದ ಯಾವ ಬಾಗಿಲಿನಿಂದ ಅಂತ 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ತಂಡ ಕಂಡುಹಿಡಿಯಿತು. 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಖಾರವನ್ನು ಮತ್ತೆ ಮತ್ತೆ ಹಚ್ಚಿದರೆ ಆ ನರವೇ ದಣಿದು ಸುಮ್ಮನಾಗುತ್ತದಂತೆ. ಹಾಗಂತ ಮನೆಯ ಮೆಣಸಿನಕಾಯಿ ಅರೆದು ಹಚ್ಚಬೇಡಿ. ನಾನು ಹಚ್ಚಿ ನೋಡಿ, ರಾತ್ರಿಯಿಡೀ ತೊಟ್ಟಿಯ ನೀರಿನ ಪಕ್ಕ ಕೂತಿದ್ದೇನೆ.

ಸೂಜಿಯ ಸುದ್ದಿ, ಮೊದಲು ಬಿದ್ದ ಗುಂಡಿ

ಈ ಹೊತ್ತಿನಲ್ಲೇ ಅಕ್ಯುಪಂಕ್ಚರ್ ಮಾತು ಕಿವಿಗೆ ಬಿತ್ತು. ಸಂತೆಯೂರಿನಲ್ಲಿ ಒಬ್ಬಾತ ಬೋರ್ಡು ಹಾಕಿಕೊಂಡಿದ್ದ. 21 ಸಲ ಚುಚ್ಚಿದರೆ ಬೇರು ಸಮೇತ ಹೋಗುತ್ತದೆ, ಇಂಗ್ಲಿಷ್ ಮಾತ್ರೆ ಇವತ್ತೇ ನಿಲ್ಲಿಸಬೇಕು, ಒಟ್ಟು ಹದಿನೈದು ಸಾವಿರ ಅಂದ. ಎತ್ತು ಮಾರಿದ ದುಡ್ಡು ಮನೆಯಲ್ಲಿತ್ತು. ಮೂರು ಸಾವಿರ ಮುಂಗಡ ಕೊಟ್ಟೆ. ಎರಡನೇ ದಿನ ನೋಡಿದರೆ, ನನಗಿಂತ ಮುಂಚಿನವರಿಗೆ ಚುಚ್ಚಿದ ಸೂಜಿಯನ್ನೇ ಸ್ಪಿರಿಟ್ಟಿನಲ್ಲಿ ಒರೆಸಿ ಡಬ್ಬಿಗೆ ಹಾಕುತ್ತಿದ್ದಾನೆ! ಮಗಳಿಗೆ ಫೋನು ಮಾಡಿದೆ. ‘ಅಪ್ಪಾ, ಮೊದಲು ಎದ್ದು ಬಾ. ಕಾಮಾಲೆ ವೈರಸ್ಸು ಸೂಜಿಯಲ್ಲೇ ಬರುತ್ತೆ’ ಅಂದಳು. ಮಾತ್ರೆಯನ್ನು ಒಂದೇ ಸಲ ನಿಲ್ಲಿಸುವುದೂ ಅಪಾಯ, ಡಾಕ್ಟರು ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಬೇಕು ಅಂದಳು. ಮುಂಗಡ ವಾಪಸ್ ಬರಲಿಲ್ಲ. ಅವಳೇ ವಿಚಾರಿಸಿ, ದಾವಣಗೆರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಓದಿದ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದಳು. ಆ ಓದಿನಲ್ಲಿ ಅಕ್ಯುಪಂಕ್ಚರೂ ಒಂದು ಪಾಠವಂತೆ.

ಅವರಿಗೂ ಅದು ಹಾವೇ

ಇದು ಚೀನಾದ ವಿದ್ಯೆ, ಎರಡು ಸಾವಿರ ವರ್ಷದ ಹಿಂದಿನ ಅವರ ವೈದ್ಯ ಗ್ರಂಥಗಳಲ್ಲೇ ಇದೆ. ನನಗೆ ಆಶ್ಚರ್ಯ ಆದದ್ದು ಬೇರೆ. ಚೀನಾದವರೂ ಈ ರೋಗಕ್ಕೆ ಹಾವಿನ ಹೆಸರೇ ಇಟ್ಟಿದ್ದಾರೆ, ಹಾವಿನ ಹಾಗೆ ಸಾಲುಗಟ್ಟಿದ ಹುಣ್ಣು ಅಂತ. ಸೊಂಟ ಸುತ್ತಿದ ಬೆಂಕಿ ಅಂತ ಇನ್ನೊಂದು ಹೆಸರೂ ಉಂಟು. ನೋವಿನ ಜಾಗದ ಸುತ್ತ ಸೂಜಿ ನೆಡುವ ಕ್ರಮಕ್ಕೆ ‘ಡ್ರ್ಯಾಗನನ್ನು ಸುತ್ತುಗಟ್ಟುವುದು’ ಅನ್ನುತ್ತಾರೆ. ನಮ್ಮಲ್ಲಿ ಹಾವಿನ ಸುತ್ತ ಜಾಜು, ಅವರಲ್ಲಿ ಸೂಜಿ.

ಇಂಡಿಯಾಕ್ಕೆ ಇದು ಬಂದ ಕತೆಯೂ ಚೆನ್ನಾಗಿದೆ. 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ಇಲ್ಲಿಂದ ಐವರು ಡಾಕ್ಟರು ಚೀನಾಕ್ಕೆ ಹೋದರು. ಅವರಲ್ಲಿ ನಮ್ಮ ಗಡಿಯ ಸೊಲ್ಲಾಪುರದ ದ್ವಾರಕಾನಾಥ ಕೊಟ್ನೀಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಇನ್ನೊಬ್ಬರಾದ ಬಿ.ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು 1959ರಲ್ಲಿ ಕಲ್ಕತ್ತಕ್ಕೆ ತಂದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕೆ ಕಾನೂನು ಮಾಡಿತು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನೊಂದು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿತು.

ಸೂಜಿ ಚುಚ್ಚಿದರೆ ನೋವು ಹೇಗೆ ಇಳಿಯುತ್ತದೆ? ಚೀನಾದ ಹಳಬರು ಮೈಯೊಳಗೆ ಹರಿಯುವ ಶಕ್ತಿಯ ಕಾಲುವೆಗಳ ಮಾತು ಹೇಳುತ್ತಾರೆ. ಇವತ್ತಿನ ವಿಜ್ಞಾನದಲ್ಲಿ ಅಂಥ ಕಾಲುವೆ ಕಂಡಿಲ್ಲ. ಆದರೆ ಸೂಜಿ ಚುಚ್ಚಿದಾಗ ಮೈ ತಾನೇ ಅಫೀಮಿನಂಥ ನೋವು ನಿವಾರಕ ರಸ ಬಿಡುತ್ತದೆ ಅಂತ 1970ರ ದಶಕದ ಪ್ರಯೋಗಗಳಲ್ಲಿ ಸುಳಿವು ಸಿಕ್ಕಿತು. ಅಫೀಮನ್ನು ತಡೆಯುವ ಔಷಧಿ ಕೊಟ್ಟರೆ ಸೂಜಿಯ ಗುಣವೂ ಇಳಿಯಿತಂತೆ.

ಡಾಕ್ಟರಮ್ಮನ ಹತ್ತಿರ

ಏಪ್ರಿಲ್ 2024ಕ್ಕೆ ಹೋದೆ. ಮೊದಲ ದಿನ ಅವರು ಸೂಜಿಯನ್ನೇ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತೀರಾ ಅಂತ ಕೇಳಿದರು. ಆಮೇಲೆ ಹೇಳಿದ್ದು: ‘ಯಜಮಾನ್ರೇ, ನಿಮ್ಮ ಮಾತ್ರೆ ನಡೀತಾ ಇರಲಿ. ಇದು ಅದರ ಜೊತೆಗೆ. ಗ್ಯಾರಂಟಿ ನಾನು ಕೊಡಲ್ಲ. ಎರಡು ವಾರ ನೋವಿನ ಲೆಕ್ಕ ಬರೆದು ತನ್ನಿ, ಆಮೇಲೆ ಶುರು ಮಾಡಣ. ಹತ್ತು ಸಲಕ್ಕೆ ಏನೂ ಗೊತ್ತಾಗದಿದ್ರೆ ನಿಲ್ಸಣ.’ ಗ್ಯಾರಂಟಿ ಕೊಡಲ್ಲ ಅಂದದ್ದಕ್ಕೇ ನನಗೆ ನಂಬಿಕೆ ಬಂತು.

ಸೂಜಿ ಇಂಜೆಕ್ಷನ್ನಿನ ಹಾಗೆ ದಪ್ಪ ಅಲ್ಲ. ಕಾಲು ಮಿಲಿಮೀಟರ್ ಆಸುಪಾಸು, ಒಳಗೆ ತೂತಿಲ್ಲ, ಔಷಧಿ ಇಲ್ಲ. ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆಯುತ್ತಿದ್ದರು, ಮುಗಿದ ಮೇಲೆ ಡಬ್ಬಿಗೆ ಎಸೆಯುತ್ತಿದ್ದರು. ಬೆನ್ನುಮೂಳೆಯ ಪಕ್ಕ ಅರ್ಧ ಹೆಬ್ಬೆರಳಷ್ಟು ಬಿಟ್ಟು, ಆ ನರ ಹೊರಡುವ ಜಾಗದಲ್ಲಿ ಕೆಲವು. ಉರಿಯ ಜಾಗದ ಸುತ್ತ ಕೆಲವು, ಅವು ಓರೆಯಾಗಿ. ಪಕ್ಕೆಯಲ್ಲಿ ನೇರ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೇ ತೂತು ಬೀಳಬಹುದು, ಅದಕ್ಕೆ ಕಲಿಯದವರ ಕೈಗೆ ಎದೆ ಬೆನ್ನು ಕೊಡಬಾರದು ಅಂದರು. ಕೈಕಾಲಿನಲ್ಲಿ ಎರಡು ಮೂರು. ಚುಚ್ಚುವಾಗ ಇರುವೆ ಕಡಿದಷ್ಟು ನೋವು. ಆಮೇಲೆ ಒಳಗೆ ಏನೋ ಭಾರವಾಗಿ ಎಳೆದ ಹಾಗೆ. ಇಪ್ಪತ್ತೈದು ನಿಮಿಷ ಮಲಗಿಸುತ್ತಿದ್ದರು. ವಾರಕ್ಕೆ ಎರಡು ಸಲ.

ಖರ್ಚು: ಒಂದು ಸಲಕ್ಕೆ 300 ರೂಪಾಯಿ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಹೋಗಬೇಕು, ಒಂದು ದಿನದ ಕೆಲಸ ಹಾಳು. ಜೊತೆಗೆ ಬರುವ ಮನೆಯವಳಿಗೆ ಟಿಕೆಟ್ ಇಲ್ಲ, ನನಗೆ ಮಾತ್ರ.

ಹದಿನಾರಾಣೆ ಲೆಕ್ಕ

ಸೊನ್ನೆಯಿಂದ ಹತ್ತರವರೆಗೆ ನೋವಿಗೆ ನಂಬರು ಕೊಡಿ ಅಂದಿದ್ದರು. ನನಗೆ ಅದು ಒಗ್ಗಲಿಲ್ಲ. ಬೆಳೆಯನ್ನು ನಾವು ಆಣೆಯಲ್ಲೇ ಅಳೆಯೋದು, ನೋವನ್ನೂ ಹಾಗೇ ಅಳೆದೆ. ತಡೆಯಲಾಗದ್ದು ಹದಿನಾರಾಣೆ, ಇಲ್ಲವೇ ಇಲ್ಲ ಅಂದರೆ ಸೊನ್ನೆ. ದಿನಾ ರಾತ್ರಿ ಹಳೇ ಡೈರಿಯಲ್ಲಿ ನೋವಿನ ಆಣೆ, ಎಷ್ಟು ಸಲ ಎಚ್ಚರ ಆಯಿತು, ಎಷ್ಟು ಮಾತ್ರೆ ತಿಂದೆ, ಈ ಮೂರನ್ನು ಬರೆದೆ.

ಸೂಜಿಗೆ ಮುಂಚಿನ ಎರಡು ವಾರ: 12ರಿಂದ 13 ಆಣೆ, ರಾತ್ರಿ 4 ಸಲ ಎಚ್ಚರ.
ನಾಲ್ಕನೇ ಸಲದವರೆಗೆ: ಏನೂ ವ್ಯತ್ಯಾಸ ಇಲ್ಲ. ಚುಚ್ಚಿದ ದಿನ ಮಾತ್ರ ಒಳ್ಳೆ ನಿದ್ದೆ.
ಹತ್ತನೇ ಸಲಕ್ಕೆ: 7ರಿಂದ 8 ಆಣೆ, ಎಚ್ಚರ 2 ಸಲ.
ಜೂನಿನಲ್ಲಿ ಬಿತ್ತನೆಗೆ ಅಂತ ಮೂರು ವಾರ ಬಿಟ್ಟಾಗ: ಮತ್ತೆ 9 ಆಣೆ.
ಜುಲೈ ಕೊನೆ, ಹದಿನಾರನೇ ಸಲಕ್ಕೆ ನಿಲ್ಲಿಸಿದಾಗ: 6 ಆಣೆ. ಹಗಲಿನ ಮಾತ್ರೆ ಡಾಕ್ಟರು ಅರ್ಧಕ್ಕೆ ಇಳಿಸಿದ್ದರು.

ಗೊಬ್ಬರವೋ, ಮಳೆಯೋ?

ಈ ಲೆಕ್ಕ ನೋಡಿ ಊರಿನವರು ‘ಸೂಜಿಯಿಂದ ವಾಸಿಯಾಯ್ತು’ ಅಂತಾರೆ. ನಾನು ಹಾಗೆ ಹೇಳಲಾರೆ. ಹೊಲಕ್ಕೆ ಹೊಸ ಗೊಬ್ಬರ ಹಾಕಿದ ವರ್ಷವೇ ಒಳ್ಳೆ ಮಳೆಯೂ ಆದರೆ, ಬೆಳೆ ಬಂದದ್ದು ಯಾವುದರಿಂದ? ಗೊತ್ತಾಗಬೇಕಾದರೆ ನಾಲ್ಕು ಸಾಲು ಗೊಬ್ಬರ ಹಾಕದೆ ಬಿಟ್ಟಿರಬೇಕು. ನನ್ನ ಮೈಯಲ್ಲಿ ಬಿಟ್ಟ ಸಾಲು ಇಲ್ಲ. ಮಾತ್ರೆ ನಡೆಯುತ್ತಿತ್ತು. ಕಾಲವೂ ಹೋಗುತ್ತಿತ್ತು, ಈ ನೋವು ಬಹಳ ಜನಕ್ಕೆ ತಿಂಗಳು ಕಳೆದಂತೆ ತಾನೇ ಇಳಿಯುತ್ತದಂತೆ. ಜೂನಿನಲ್ಲಿ ಸೂಜಿ ಬಿಟ್ಟಾಗ ನೋವು ಏರಿದ್ದು ನಿಜ. ಆದರೆ ಅದು ಬಿತ್ತನೆಯ ಕೆಲಸ, ಬೆವರು, ಅಂಗಿಯ ಉಜ್ಜಾಟದ ತಿಂಗಳೂ ಹೌದು.

ಮಗಳಿಗೆ ಹೇಳಿದೆ, ಹಾಗೆ ಸಾಲು ಬಿಟ್ಟು ನೋಡಿದವರು ಯಾರಾದರೂ ಇದ್ದಾರಾ ಹುಡುಕು ಅಂತ. 1983ರಲ್ಲಿ ಇಂಗ್ಲೆಂಡಿನ ಡಾಕ್ಟರು ನೋಡಿದ್ದಾರೆ. ಇದೇ ನೋವಿನ 62 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಸೂಜಿ, ಇನ್ನೊಂದಕ್ಕೆ ಕರೆಂಟೇ ಹರಿಯದ ಸುಳ್ಳು ಯಂತ್ರ ಹಚ್ಚಿದರು. ಸೂಜಿಯವರಲ್ಲಿ 7 ಜನಕ್ಕೆ ಚೆನ್ನಾಗಿ ಗುಣ ಕಂಡಿತು. ಸುಳ್ಳು ಯಂತ್ರದವರಲ್ಲೂ 7 ಜನಕ್ಕೆ! ಆಮೇಲೆ ಚೀನಾದಲ್ಲಿ ಹಲವು ಪ್ರಯೋಗ ಆದವು, ಸೂಜಿಯಿಂದ ನೋವು ಇಳಿಯುತ್ತದೆ ಅಂತ ಅವು ಹೇಳುತ್ತವೆ. 2018, 2019ರಲ್ಲಿ ಅವನ್ನೆಲ್ಲ ಒಟ್ಟು ಹಾಕಿ ನೋಡಿದವರು, ಗುಣ ಇರಬಹುದು, ಆದರೆ ಪ್ರಯೋಗಗಳು ಸಣ್ಣವು, ಮಾಡಿದ ಕ್ರಮವೂ ಅಷ್ಟು ಬಿಗಿ ಇಲ್ಲ ಅಂದಿದ್ದಾರೆ.

ಹಾಗಾದರೆ ದುಡ್ಡು ದಂಡವೇ? ನನಗೆ ಹಾಗನ್ನಿಸಿಲ್ಲ. ಬಸ್ಸು ಬಿಟ್ಟು 4,800 ರೂಪಾಯಿ ಆಯಿತು. ಆ ಮೂರು ತಿಂಗಳಲ್ಲಿ ನಿದ್ದೆ ಮರಳಿತು, ಮಾತ್ರೆ ಇಳಿಯಿತು, ಅಂಗಿ ಹಾಕಿಕೊಂಡೆ. ಸೂಜಿಯ ಪಾಲು ಅದರಲ್ಲಿ ಎಷ್ಟು ಅಂತ ಬಿಡಿಸಿ ಹೇಳಲಾರೆ ಅಷ್ಟೆ. ಮಾತ್ರೆಗೆ ಮೈ ತಡೆಯದವರು, ಕಲಿತವರ ಹತ್ತಿರ, ಕೈಯಲ್ಲಿದ್ದ ದುಡ್ಡಿನಲ್ಲಿ ಹತ್ತು ಸಲ ನೋಡಬಹುದು. ಸಾಲ ಮಾಡಿ, ದನ ಮಾರಿ ನೋಡುವಂಥದ್ದಲ್ಲ.

ಹೋಗುವವರು ಗಮನಿಸಿ

1. ಗುಳ್ಳೆ ಎದ್ದ ಮೂರು ದಿನದೊಳಗೆ, ಅಂದರೆ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ. ಅಸೈಕ್ಲೋವಿರ್ ಅಂತ ಮಾತ್ರೆ, ದೊಡ್ಡವರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಬೇರೆ, ತಾವೇ ಕೊಂಡು ತಿನ್ನಬೇಡಿ. ಹುಣ್ಣು ಬೇಗ ಒಣಗುತ್ತದೆ, ಆಗಿನ ನೋವು ಇಳಿಯುತ್ತದೆ. ಮುಂದಿನ ನೋವನ್ನು ಪೂರಾ ತಡೆಯುತ್ತದೆ ಅಂತ ಖಾತ್ರಿ ಇಲ್ಲ. ಆದರೂ ಆ ಅವಕಾಶ ಕಳೆದುಕೊಂಡರೆ ಮತ್ತೆ ಬರಲ್ಲ. ಮೂರು ದಿನ ದಾಟಿದರೂ ಹೊಸ ಗುಳ್ಳೆ ಏಳುತ್ತಿದ್ದರೆ ಹೋಗಿ ಕೇಳಿ.
2. ಜಾಜು ಹಚ್ಚಿಸುವ ಮನಸ್ಸಿದ್ದರೆ ಹಚ್ಚಿಸಿ, ಆಸ್ಪತ್ರೆಗೆ ಹೋಗಿ ಬಂದ ಮೇಲೆ. ಒಡೆದ ಗುಳ್ಳೆಯ ಮೇಲೆ ಮಣ್ಣು ಬೇಡ, ಕೀವಾಗುತ್ತದೆ.
3. ಸೂಜಿ ಪ್ರತಿ ಸಲವೂ ಹೊಸದು, ನಿಮ್ಮೆದುರೇ ಒಡೆದದ್ದು ಆಗಿರಬೇಕು. ಹಸಿ ಹುಣ್ಣಿನ ಮೇಲೆ ಚುಚ್ಚಿಸಬೇಡಿ.
4. ಮಾತ್ರೆ ಬಿಡಿಸುವವರು, ಗ್ಯಾರಂಟಿ ಕೊಡುವವರು, ಪೂರಾ ಮುಂಗಡ ಕೇಳುವವರು, ಮೂವರಿಂದಲೂ ದೂರ ಇರಿ.
5. ಶುರು ಮಾಡುವ ಮುಂಚೆ ಎರಡು ವಾರ ಲೆಕ್ಕ ಬರೆಯಿರಿ. ಬರೆಯದಿದ್ದರೆ ಕೊಟ್ಟ ದುಡ್ಡೇ ‘ಗುಣ ಆಗಿದೆ’ ಅಂತ ಹೇಳಿಸುತ್ತದೆ.
6. ಈ ರೋಗ ತಡೆಯಲು ಲಸಿಕೆ ಇದೆ. 2023ರಿಂದ ಇಂಡಿಯಾದಲ್ಲೂ ಸಿಗುತ್ತಿದೆ. ಐವತ್ತು ದಾಟಿದವರಿಗೆ, ಎರಡು ಡೋಸು. ಬೆಲೆ ನಮ್ಮಂಥವರಿಗೆ ಭಾರ. ಇನ್ನೂ ಸರ್ಪಸುತ್ತು ಆಗದವರು, ಮಕ್ಕಳು ಪೇಟೆಯಲ್ಲಿ ದುಡಿಯುತ್ತಿದ್ದರೆ ಕೇಳಿ ನೋಡಿ.

ಈಗ ನನ್ನ ಡೈರಿಯಲ್ಲಿ 2 ಆಣೆ, ಮೋಡ ಕಟ್ಟಿದ ದಿನ 3. ಬನಿಯನ್ ಹಾಕಿಕೊಂಡು ಅದರ ಮೇಲೆ ಅಂಗಿ ಹಾಕುತ್ತೇನೆ, ಬರಿ ಅಂಗಿ ಇನ್ನೂ ಆಗುವುದಿಲ್ಲ. ಎತ್ತಿನ ಜೋಡಿ ಮತ್ತೆ ಕಟ್ಟಲು ಆಗಿಲ್ಲ, ಬಾಡಿಗೆ ಟ್ರ್ಯಾಕ್ಟರಿನಲ್ಲೇ ಬಿತ್ತನೆ. ಹೋದ ವಾರ ಪಕ್ಕದ ಹೊಲದವನು ಅಂಗಿ ಎತ್ತಿ ಪಕ್ಕೆ ತೋರಿಸಿ ‘ಅಣ್ಣಾ, ಇದೇನು ನೋಡು’ ಅಂದ. ನಾಲ್ಕೇ ಗುಳ್ಳೆ ಇದ್ದವು. ಕಳೆ ಕೀಳುವುದನ್ನು ಅಲ್ಲೇ ಬಿಡಿಸಿ, ಬೈಕಿನ ಹಿಂದೆ ಕೂರಿಸಿಕೊಂಡು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.